ಹತ್ತನೇ ನಂಬರಿನ ಹುಡುಗಿ

ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ ಒಂದಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಅದನ್ನು ಕಟ್ಟಿದ್ದು ನಮ್ಮ ಹೈಸ್ಕೂಲಿನ ಪಿ.ಟಿ. ಟೀಚರ್, ಹೊಸನಗರದ ಕಡೆಯವರು. ಮನೆಮನೆಗೆ ಹೋಗಿ, ಕೊಟ್ಟ ಕಾಫಿಯನ್ನೆಲ್ಲ ಕುಡಿದು, ಅಪ್ಪಂದಿರನ್ನು ಒಪ್ಪಿಸಿ ಹದಿಮೂರು ಹುಡುಗಿಯರನ್ನು ಸೇರಿಸಿದ್ದರು. ನಮ್ಮೆದುರು ಆಡಲು ಸುತ್ತಮುತ್ತ ಬೇರೆ ಹುಡುಗಿಯರ ತಂಡವೇ ಇರಲಿಲ್ಲ. ಹಾಗಾಗಿ ಎಂಟನೇ ಕ್ಲಾಸಿನ ಗಂಡುಹುಡುಗರ ಜೊತೆ ಆಡುತ್ತಿದ್ದೆವು, ಸೋಲುತ್ತಿದ್ದೆವು. ಚೂಡಿದಾರದ ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡ ನಮ್ಮನ್ನು ನೋಡಿ ನಗಲೆಂದೇ ಕೆಲವರು ಮೈದಾನಕ್ಕೆ ಬರುತ್ತಿದ್ದರು.

ಎರಡನೇ ವರ್ಷ ಅರಳಸುರಳಿಯಿಂದ ಒಬ್ಬಳು ಬಂದು ಸೇರಿದಳು. ಟೀಚರ್ ಅವಳಿಗೆ ಹತ್ತನೇ ನಂಬರಿನ ಅಂಗಿ ಕೊಟ್ಟರು. ಅವಳು ಚೆಂಡು ತಳ್ಳಿಕೊಂಡು ಓಡಿದರೆ ನಗುವವರು ನಗು ಮರೆಯುತ್ತಿದ್ದರು. ನಾವು ಗೆಲ್ಲಲು ಶುರುಮಾಡಿದ್ದು ಅವಳಿಂದ.

ಭಾನುವಾರ ಅವಳು ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದಳು. ನನ್ನ ಮನೆ ಮೈದಾನದ ಪಕ್ಕದಲ್ಲೇ ಇತ್ತು. ಉಳಿದವರು ಬರುವವರೆಗೆ ಒಂದು ಗಂಟೆ ನಾವಿಬ್ಬರೇ. ನಾನು ಗೋಲು ಕಾಯುವವಳು, ಅವಳು ಒದೆಯುವವಳು. ನಾವು ಒಂದೇ ಡಬ್ಬಿಯಲ್ಲಿ ತಿಂಡಿ ತಿನ್ನುವಷ್ಟು ಗೆಳತಿಯರಾಗಿದ್ದೆವು.

ರಾಜ್ಯ ತಂಡದ ಆಯ್ಕೆಗೆಂದು ಶಿವಮೊಗ್ಗಕ್ಕೆ ನಮ್ಮಿಬ್ಬರನ್ನು ಕರೆದೊಯ್ಯುವುದೆಂದು ಟೀಚರ್ ನಿರ್ಧರಿಸಿದ್ದರು. ಅದಕ್ಕೆ ಒಂದು ವಾರವಿತ್ತು. ಆ ಭಾನುವಾರ ಅವಳು ಸಾಲಾಗಿ ಐದು ಗೋಲು ಹೊಡೆದಳು. ಐದನೆಯದು ನನ್ನ ಕಾಲುಗಳ ನಡುವೆಯೇ ಹೋಯಿತು. ಅವಳು ನಕ್ಕಳು, ಎಂದಿನ ನಗುವೇ. ನನಗೆ ಮೈಯೆಲ್ಲ ಉರಿಯಿತು. ಆರನೇ ಸಲ ಅವಳು ಬಂದಾಗ ನಾನು ಗೋಲು ಬಿಟ್ಟು ಮುಂದೆ ನುಗ್ಗಿದೆ. ಚೆಂಡು ಆಗಲೇ ಬಲಕ್ಕೆ ಹೋಗಿತ್ತು. ಅದು ನನಗೆ ಕಂಡಿತ್ತು. ಕಂಡೂ ಒದ್ದೆ. ಅವಳ ಮಂಡಿಯಿಂದ ಒಣಕಡ್ಡಿ ಮುರಿದಂಥ ಸದ್ದು ಬಂತು.

ಆಗಷ್ಟೇ ಮೈದಾನಕ್ಕೆ ಕಾಲಿಟ್ಟಿದ್ದ ಟೀಚರ್ ಓಡಿಬಂದು ಏನಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ಜಾರಿ ಬಿದ್ದೆ ಟೀಚರ್. ನಂದೇ ತಪ್ಪು."

ನಾನು ಹೋಗಿ ಚೆಂಡು ಎತ್ತಿಕೊಂಡು ಬಂದೆ.

ಅವಳ ಮನೆಯವರು ಮೊದಲು ಊರಲ್ಲಿ ನಾಟಿ ವೈದ್ಯರಿಂದ ಪಟ್ಟು ಕಟ್ಟಿಸಿದರು. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಶಿವಮೊಗ್ಗಕ್ಕೆ ನಾನೊಬ್ಬಳೇ ಹೋದೆ, ಆಯ್ಕೆಯಾದೆ. ಆ ಸರ್ಟಿಫಿಕೇಟಿನಿಂದ ಕ್ರೀಡಾ ಕೋಟಾದಲ್ಲಿ ಬಿ.ಪಿ.ಎಡ್ ಸೀಟು ಸಿಕ್ಕಿತು. ಈಗ ಸಾಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದೇನೆ. ಅವಳಿಲ್ಲದ ಕ್ಲಬ್ ಮತ್ತೆ ಸೋಲತೊಡಗಿತು. ಒಬ್ಬೊಬ್ಬರಿಗೇ ಮದುವೆಯಾಯಿತು. ಟೀಚರಿಗೆ ವರ್ಗವಾದ ಮೇಲೆ ಗೋಲಿನ ಬಲೆಯನ್ನು ಬಿಚ್ಚಿದವರೂ ಇಲ್ಲ, ಅದು ಅಲ್ಲೇ ಹರಿದು ಹೋಯಿತು.

ಹೋದ ಬೇಸಿಗೆಯಲ್ಲಿ, ಅಷ್ಟೂ ವರ್ಷಗಳ ನಂತರ, ಅರಳಸುರಳಿಗೆ ಹೋದೆ. ಅವಳು ರಸ್ತೆಬದಿಯ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಮಷಿನ್ನಿಗೆ ಮೋಟಾರು ಹಾಕಿಸಿಕೊಂಡಿದ್ದಳು. ತುಳಿಯಲು ಆ ಕಾಲು ಮಡಚುವುದಿಲ್ಲ. ನನ್ನನ್ನು ಕಂಡು ಸ್ಟೂಲ್ ಎಳೆದು ಕೊಟ್ಟಳು.

"ನಿಮ್ಮ ಶಾಲೆ ಹುಡ್ಗೀರು ಫುಟ್‌ಬಾಲ್ ಆಡ್ತಾರಾ?"

"ಇಲ್ಲ. ಥ್ರೋಬಾಲ್ ಆಡಿಸ್ತೀನಿ."

"ಎಂತಕ್ಕೆ?"

ನನಗೆ ತಡೆಯಲಾಗಲಿಲ್ಲ. "ಅವತ್ತು ನಾನು ಚೆಂಡಿಗೆ ಒದ್ದಿದ್ದಲ್ಲ ಕಣೆ," ಅಂದೆ.

ಅವಳು ಬಟ್ಟೆಯಿಂದ ಕೈ ತೆಗೆಯಲಿಲ್ಲ. "ಗೊತ್ತು. ನನ್ನ ಕಾಲಲ್ವಾ."

"ಮತ್ತೆ ಟೀಚರ್ ಹತ್ರ ಯಾಕೆ ಹಾಗೆ ಹೇಳ್ದೆ?"

"ನಿನ್ನ ತೆಗೆದುಹಾಕ್ತಿದ್ರು. ಗೋಲಿಗೆ ಬೇರೆ ಯಾರಿದ್ರು ನಮಗೆ?" ದಾರ ಕಚ್ಚಿ ತುಂಡು ಮಾಡಿದಳು. "ಮರುದಿನ ನೀನೇ ಬಂದು ಹೇಳ್ತೀಯ ಅಂದ್ಕೊಂಡೆ. ಅಮ್ಮಂಗೆ ಹೇಳಿ ಅವಲಕ್ಕಿ ಕಲಸಿಡ್ಸಿದ್ದೆ. ನೀ ಬರ್ಲಿಲ್ಲ. ಆಮೇಲೂ ತುಂಬ ದಿನ ಕಾದೆ. ನನ್ನ ಮದ್ವೆ ದಿನಾನೂ ಕಾದೆ."

"ತಪ್ಪಾಯ್ತು ಮಾರಾಯ್ತಿ."

"ಹೇಳ್ಕೊಂಡು ನಿಂಗೆ ಹಗುರಾಯ್ತು ಅಲ್ವಾ? ಆಗ್ಲಿ ಬಿಡು."

ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬ್ಲೌಸ್ ಕೇಳಿಕೊಂಡು ಒಬ್ಬರು ಬಂದರು. ಅವಳು ಮೇಜು ಹಿಡಿದು ಎದ್ದು, ಕಾಲು ಎಳೆಯುತ್ತ ಹೋಗಿ, ಕಪಾಟಿನಿಂದ ತೆಗೆದುಕೊಟ್ಟು, ಕೈಯ ಅಳತೆಯ ಬಗ್ಗೆ ಅವರ ಜೊತೆ ಬಹಳ ಹೊತ್ತು ಮಾತಾಡಿದಳು. ನಾನು ಎದ್ದು ನಿಂತಾಗ, "ಎರಡೂವರೆಗೆ ಬಸ್ಸಿದೆ, ಸಿಗ್ತದೆ," ಎಂದಳು.

ಮತ್ತೆ ಯಾವಾಗ ಬರುತ್ತೀಯ ಎಂದು ಕೇಳಲಿಲ್ಲ. ಆಮೇಲೆ ಮೂರು ಸಲ ತೀರ್ಥಹಳ್ಳಿಗೆ ಹೋಗಿದ್ದೇನೆ. ಅರಳಸುರಳಿಯ ಬಸ್ಸು ಹತ್ತಲು ಆಗಲಿಲ್ಲ.