ತಲೆ ಕೂಡುವ ತನಕ

ಮೂಡಲಗಿಯ ಉದ್ದವ್ವ ಚೌಡಕಿ ಬಾರಿಸಿ ಎಲ್ಲವ್ವನ ಕತೆ ಹಾಡತೊಡಗಿದರೆ, ಕಬ್ಬಿನ ಹೊಲದಿಂದ ಬಂದ ಹೆಣ್ಣುಮಕ್ಕಳು ಕುಡುಗೋಲು ಕೆಳಗಿಟ್ಟು ಕೂಡುತ್ತಿದ್ದರು. ಉದ್ದವ್ವನ ಮನೆತನಕ್ಕೊಂದು ಕಟ್ಟಳೆ. ಕತೆಯಲ್ಲಿ ಮಗ ತಾಯಿ ಎಲ್ಲವ್ವನ ತಲೆ ಕಡಿದ ಮೇಲೆ, ಅದು ಮತ್ತೆ ಮುಂಡಕ್ಕೆ ಕೂಡುವ ತನಕ ಹಾಡು ನಿಲ್ಲಬಾರದು. ಹಾಡುವವರೂ ಕೇಳುವವರೂ ಗುಟುಕು ನೀರು ಕುಡಿಯಬಾರದು. ತಾಯಿಯನ್ನು ಆ ಸ್ಥಿತಿಯಲ್ಲಿ ಬಿಟ್ಟು ನೀರಿಗೆ ಏಳುವುದುಂಟೇ!

ಇದು ಗೊತ್ತಿಲ್ಲದೆ ಬಂದವಳು ಹಂಗೇರಿಯ ಮಾರ್ತಾಬಾಯಿ. ಗ್ರೀಕರ ಹಳೆಯ ದೇವತೆಗಳ ಕತೆ ಓದಿ ಓದಿ ಪಂಡಿತೆಯಾದವಳು. ಇನ್ನೂ ಜನರ ಬಾಯಲ್ಲಿರುವ ದೇವಿಯ ಕತೆ ಕೇಳಬೇಕೆಂದು ಹುಕ್ಕೇರಿ, ಗೋಕಾಕ ಸುತ್ತಿ ಉದ್ದವ್ವನ ಅಂಗಳಕ್ಕೆ ಬಂದಿದ್ದಳು. ತಲೆ ಬಿದ್ದ ಹೊತ್ತಿಗೇ ಅವಳ ಕ್ಯಾಸೆಟ್ ಮುಗಿಯಿತು. ನಿಲ್ಲಿಸೆಂದು ಕೈ ಮಾಡಿದಳು. ಉದ್ದವ್ವ ನಿಲ್ಲಿಸುವವಳೇ? ಕಣ್ಣು ಕೆಕ್ಕರಿಸಿ ಹಾಡುತ್ತಲೇ ಹೋದಳು. ಪಾಪ, ಪಂಡಿತೆ ಕಿವಿಗೆ ಬಿದ್ದಷ್ಟನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಳು. ಮುಂದೆ ಹದಿನೈದು ವರ್ಷ ತಪ್ಪದೆ ಬಂದು ಆ ಬರಹ ತಿದ್ದಿಕೊಂಡಳು, ಕನ್ನಡ ಕಲಿತಳು. ರೊಟ್ಟಿ ಬಡಿಯುವುದು ಮಾತ್ರ ಹತ್ತಲಿಲ್ಲ. ಅವಳ ದಪ್ಪ ಪುಸ್ತಕದ ಮೊದಲ ಹಾಳೆಯಲ್ಲಿ "ನನ್ನ ಗುರು ಉದ್ದವ್ವ" ಎಂದು ಅಚ್ಚಾಗಿದೆ.

"ಸಾಲಿ ಮೆಟ್ಲ ಹತ್ತದಾಕಿ ನಾ, ಎಲ್ಲಿ ಗುರು ತಗೀರಿ," ಎನ್ನುತ್ತಿದ್ದಳು ಉದ್ದವ್ವ. ಆದರೂ ಆ ಪುಸ್ತಕ ದೇವರ ಜಗಲಿಯ ಮೇಲೆಯೇ ಇತ್ತು.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು. ಹಾಡು ಮಾತ್ರ ತಲೆ ಬಿದ್ದಲ್ಲಿಗೇ ನಿಂತುಬಿಡುತ್ತಿತ್ತು. ಮುಂದಿನ ನುಡಿ ಏನು ಮಾಡಿದರೂ ನೆನಪಾಗದು. ಜಗಲಿಯ ಮೇಲಿನ ಪುಸ್ತಕದಲ್ಲಿ ಕತೆಯೆಲ್ಲ ಇಂಗ್ಲಿಷಿನಲ್ಲಿತ್ತು, ಹಾಡಿನ ನುಡಿಗಳಿರಲಿಲ್ಲ.

"ಅವ್ವನ ತಲಿ ಕೆಳಗ ಬಿಟ್ಟು ನಾ ಹೆಂಗ ಸಾಯ್ಲಿ?" ಎಂದು ಅಳುತ್ತಿದ್ದಳು.

ಘಟಪ್ರಭಾದಲ್ಲಿ ನರ್ಸ್ ಆಗಿರುವ ಮಗಳು ಯಶೋಧರಾ ಒಂದು ಮಧ್ಯಾಹ್ನ ಮಾರ್ತಾಬಾಯಿಗೆ ಫೋನು ಹಚ್ಚಿದಳು. ಎಂಬತ್ತು ದಾಟಿದ ಮಾರ್ತಾಬಾಯಿಯ ಕ್ಯಾಸೆಟ್ಟುಗಳೆಲ್ಲ ಬೂಷ್ಟು ಹಿಡಿದು ಹೋಗಿದ್ದವು. ಆ ಮೊದಲ ದಿನದ ನೋಟ್‌ಬುಕ್ ಉಳಿದಿತ್ತು. ಅಂದು ಕ್ಯಾಸೆಟ್ ಮುಗಿದದ್ದೇ ಪುಣ್ಯ ನೋಡಿ.

"ಹಾಡು ಉದ್ದವ್ವಾ. ತಪ್ಪಿದಲ್ಲಿ ನಾ ಅದೀನಿ," ಎಂದಿತು ಫೋನು.

ಉದ್ದವ್ವ ಹಾಡಿದಳು. ತಲೆ ಬಿತ್ತು, ಮುಂದಿನ ನುಡಿ ಹೊಳೆಯಲಿಲ್ಲ. ಆಗ ಆಚೆಯಿಂದ ನುಡಿಯೊಂದು ಎಡವುತ್ತ ಬಂತು, ರಾಗವಿಲ್ಲ ತಾಳವಿಲ್ಲ. ಉದ್ದವ್ವ ಅದನ್ನೆತ್ತಿಕೊಂಡು ಹಾಡಿದಳು. ಮತ್ತೊಂದು ಬಂತು. ಮಾರ್ತಾಬಾಯಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಆದರೂ ಅವಳು ನಿಲ್ಲಿಸಲಿಲ್ಲ, ನೀರೂ ಕುಡಿಯಲಿಲ್ಲ. ಅರ್ಧ ತಾಸಿನ ಮೇಲೆ ತಲೆ ಕೂಡಿತು.

ಉದ್ದವ್ವನ ಕೆನ್ನೆ ತೊಯ್ದಿತ್ತು. ಯಶೋಧರಾ ನೀರಿನ ತಂಬಿಗೆ ಬಾಯಿಗೆ ಹಿಡಿದರೆ ಕೈಯಿಂದ ತಡೆದಳು.

"ತಡಿಯವ್ವಾ, ಮೊದ್ಲ ಮಾರ್ತಾಬಾಯಾರು ಕುಡೀಲಿ. ಇವತ್ತ ಗುರು ಅವ್ರು."