ಸೋಮವಾರದ ಗಂಟಲುನೋವು

ತರೀಕೆರೆಯ ನನ್ನ ತವರಿನಲ್ಲಿ ಹಾಡೆಂದರೆ ಮದುವೆಮನೆಯ ಮೈಕಿನಿಂದ ಬರುವ ಸದ್ದು, ಅಷ್ಟೇ. ಅಪ್ಪ ರೇಡಿಯೋ ಹಾಕುತ್ತಿದ್ದುದು ವಾರ್ತೆಗೆ. ವಾರ್ತೆ ಮುಗಿದು ಹಾಡು ಶುರುವಾದರೆ ಅದರ ಕಿವಿ ಹಿಂಡಿಬಿಡುತ್ತಿದ್ದರು. ಇದೊಂದು ಕೊರತೆಯೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಮೇಲೆ ಅನ್ನಿಸಿತು. ಇಲ್ಲಿ ಅತ್ತೆ ರೊಟ್ಟಿ ತಟ್ಟುವಾಗಲೂ ಹಾಡುತ್ತಿದ್ದರು. ಸೋಮವಾರ ಸಂಜೆ ದೇವರಮನೆಯ ಮುಂದೆ ಭಜನೆ. ಮಾವ ಹಾರ್ಮೋನಿಯಂ ನುಡಿಸುತ್ತಿದ್ದರು, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹಾಡಬೇಕು. ಮೊದಲ ಸೋಮವಾರವೇ ಅತ್ತೆ, "ಒಂದು ಪದ ಹೇಳಮ್ಮಾ, ನಾಚ್ಕೋಬ್ಯಾಡ" ಎಂದರು.

"ನಂಗೆ ಬರಲ್ಲ ಅತ್ತೆ."

"ಹಾಡು ಬರ್ದೇ ಇರೋರು ಯಾರಿದಾರೆ? ಹೇಳು."

ಬಾಯಿ ತೆರೆದೆ. ಮಾವನ ಬೆರಳುಗಳು ನನ್ನ ಶ್ರುತಿ ಹುಡುಕಿಕೊಂಡು ಹಾರ್ಮೋನಿಯಂ ತುಂಬ ಓಡಾಡಿದವು. ಕೊನೆಗೆ ಅವರು ಮೆಲ್ಲಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅಂದಿನಿಂದ ಸೋಮವಾರ ಬಂತೆಂದರೆ ನನಗೆ ಗಂಟಲುನೋವು. ಅತ್ತೆ ಅದನ್ನು ನಂಬಿ ಮೆಣಸಿನ ಕಷಾಯ ಕುದಿಸಿ ಕೊಡುತ್ತಿದ್ದರು. ಅವರ ಮುಖ ನೋಡದೆ ಕುಡಿಯುತ್ತಿದ್ದೆ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಎಲ್ಲ ತಿಳಿಯುತ್ತಿತ್ತು, ನೀರು ಬೇಕೆಂದರೂ "ಆ... ಆ..." ಎಂದು ಕಣ್ಣೀರು ಹಾಕುತ್ತಿದ್ದರು. ಕಡೂರಿನ ಡಾಕ್ಟರಮ್ಮ ಹೇಳಿದರು: "ಮಾತು ಹೋದೋರಿಗೂ ಒಂದೊಂದ್ಸಲ ಹಾಡು ಉಳ್ಕೊಂಡಿರುತ್ತೆ ಕಣ್ರೀ. ಅವ್ರಿಗೆ ಗೊತ್ತಿರೋ ಹಾಡನ್ನ ಜೊತೇಲಿ ಕೂತು ಹೇಳ್ತಾ ಇರಿ."

ಮಾವ ಹಾಡಲು ಕೂತರೆ ಎರಡನೇ ಸಾಲಿಗೇ ಅತ್ತುಬಿಡುತ್ತಿದ್ದರು. ಗಂಡ ಹಗಲೆಲ್ಲ ಅಂಗಡಿಯಲ್ಲಿ. ಉಳಿದವಳು ನಾನು.

ಬೀದಿ ಕಡೆಯ ಕಿಟಕಿ ಮುಚ್ಚಿ, ಅತ್ತೆ ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಶಿವನ ಪದವೊಂದನ್ನು ಶುರುಮಾಡಿದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು. ಅತ್ತೆಯನ್ನು ನೋಡಲು ಬಂದಿದ್ದ ನನ್ನ ಅಮ್ಮ ಬಾಗಿಲಲ್ಲಿ ನಿಂತು, "ಸಾಕು ಮಾಡೇ, ಪಾಪ, ಹುಷಾರಿಲ್ದೋರು ಅವ್ರು" ಎಂದಳು. ಕುಗ್ಗಿಹೋಗಿ ನಿಲ್ಲಿಸಿದೆ. ಅತ್ತೆ ಎಡಗೈಯಿಂದ ನನ್ನ ಸೆರಗು ಜಗ್ಗಿದರು. ಮತ್ತೆ ಹೇಳಿದೆ. ದಿನಾ ಹೇಳಿದೆ.

ಒಂದು ಮಧ್ಯಾಹ್ನ ನಾನು ಸಾಲೊಂದನ್ನು ಎಲ್ಲಿಗೋ ಎಳೆದುಕೊಂಡು ಹೋಗಿದ್ದಾಗ ಅತ್ತೆ ಹುಬ್ಬು ಗಂಟಿಕ್ಕಿದರು. ನನ್ನ ಮೊಣಕೈ ಮೇಲೆ ತಾಳ ತಟ್ಟುತ್ತಾ ಆ ಸಾಲನ್ನು ತಾವೇ ಹಾಡಿದರು. ಒಂದೊಂದು ಪದವೂ ಸ್ಪಷ್ಟ. ಕೇಳಲಾರದೆಯೇ ಬಾಯಿಬಿಟ್ಟಿರಬೇಕು, ಅಷ್ಟು ಕೆಟ್ಟದಾಗಿ ಹಾಡಿದ್ದೆ.

ಈಗ ಅವರು "ಕಾಲು ನೋಯ್ತದೆ ಕಣೇ" ಎಂಬುದನ್ನೂ ರಾಗವಾಗಿಯೇ ಹೇಳುತ್ತಾರೆ. ಮೊನ್ನೆ ಪಕ್ಕದ ಮನೆಯವರು ಬಂದಿದ್ದಾಗ ಮಾವ, "ಇವ್ಳಿಗೆ ಬಾಯಿ ಬರ್ಸಿದ್ದು ನಮ್ ಸೊಸೇನೇ ಕಣ್ರೀ, ಹಾಡಿ ಹಾಡಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ತಲೆಯೆತ್ತಲಾಗದೆ, ಇನ್ನೂ ಕುಡಿದು ಮುಗಿಯದ ಕಾಫಿ ಲೋಟಗಳನ್ನೇ ಎತ್ತಿಕೊಂಡು ಒಳಗೆ ಹೋದೆ.