ದೊರ್ಸಾಫ್ ಬರೆದ ಎರಡನೆಯ ಹೆಸರು

ಕೇಳಿರಿ, ಅಲ್ಲಾಹನ ಕರುಣೆಯನ್ನು ನಂಬಿದ ನನ್ನ ಬಂಧುಗಳೇ! ಇದು ಸುಲ್ತಾನರ ಕತೆಯಲ್ಲ, ಸಂತರ ಕತೆಯೂ ಅಲ್ಲ. ನಮ್ಮ ಮೊನಾಸ್ತಿರ್ ಪಟ್ಟಣದ ದೊರ್ಸಾಫ್ ಎಂಬ ದಣಿದ ಹೆಣ್ಣುಮಗಳ ಕತೆ.

ದೊರ್ಸಾಫ್ ಹದಿನಾಲ್ಕು ವರ್ಷ ಟೆನಿಸ್ ಆಡಿಯೇ ಬದುಕಿದವಳು. ಅದರಲ್ಲೂ ಕೊನೆಯ ಒಂಬತ್ತು ವರ್ಷ ಡಬಲ್ಸ್ ಮಾತ್ರ. ಒಬ್ಬಳೇ ಅಂಕಣ ತುಂಬ ಓಡುವ ಶಕ್ತಿ ಅವಳ ಕಾಲುಗಳಿಂದ ಇಪ್ಪತ್ತೈದನೆಯ ವಯಸ್ಸಿಗೇ ಹೊರಟುಹೋಗಿತ್ತು. ಬಲೆಯ ಬಳಿ ನಿಂತು, ಬರುವ ಚೆಂಡನ್ನು ಅರ್ಧದಾರಿಯಲ್ಲೇ ತಡೆದು ಹೊಡೆಯುವ ಕೈ ಉಳಿದಿತ್ತು. ಆ ಕೈಯನ್ನೇ ನಂಬಿ ಕೈರೋ, ಅಂತಾಲ್ಯ ಎಂದು ತಿರುಗಿದಳು. ಮೂವತ್ತೆಂಟು ಮಂದಿ ಜೊತೆಗಾತಿಯರೊಡನೆ ಆಡಿದ್ದಳು. ತಪ್ಪಿದ ಪ್ರತಿ ಚೆಂಡಿಗೂ ಅವರಲ್ಲಿ ಕ್ಷಮೆ ಕೇಳಿದ್ದಳು. ಈಗ ಮೂವತ್ತನಾಲ್ಕಕ್ಕೆ ಭುಜವು ತಲೆ ಬಾಚಿಕೊಳ್ಳಲೂ ಬಿಡುತ್ತಿರಲಿಲ್ಲ. ಮುಂಜಾನೆಯ ನಮಾಜಿನಲ್ಲಿ ಹಣೆಯನ್ನು ನೆಲಕ್ಕಿಟ್ಟವಳು ಏಳಲು ಮನಸ್ಸಾಗದೆ ಹಾಗೆಯೇ ಕೊಂಚ ಹೊತ್ತು ಉಳಿಯುತ್ತಿದ್ದಳು.

ಈ ಆಟದಲ್ಲಿ ಗಳಿಸಿದ ಅಂಕಗಳಿಗೆ ಒಂದೇ ವರ್ಷದ ಆಯುಸ್ಸು. ತನ್ನೂರಿನಲ್ಲೇ ನಡೆದ ಆ ಮಾರ್ಚ್ ತಿಂಗಳ ಪಂದ್ಯಾವಳಿಯಲ್ಲಿ ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ಮುಂದಿನ ವಾರದ ಜಾಗತಿಕ ಪಟ್ಟಿಯಿಂದ ಅವಳ ಹೆಸರು ಅಳಿಸಿಹೋಗುವುದಿತ್ತು. ಹೆಸರಿಲ್ಲದವಳನ್ನು ಯಾರೂ ಜೊತೆಗೆ ಕರೆಯುವುದಿಲ್ಲ.

ಆದರೆ ಜೊತೆಗೆ ಆಡುತ್ತೇನೆಂದು ಅವಳು ಮಾತು ಕೊಟ್ಟದ್ದು ಸ್ಫಾಕ್ಸ್ ಊರಿನ ಉಲ್ಫಾಳಿಗೆ. ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಆಡಲು ಹೊರಟಿದ್ದ ಉಲ್ಫಾಳ ಸ್ಥಾನ ಪಟ್ಟಿಯ ತಳದಲ್ಲಿತ್ತು. ಇಬ್ಬರ ಸ್ಥಾನಗಳನ್ನು ಕೂಡಿಸಿ ನೋಡಿಯೇ ಜೋಡಿಗೆ ಜಾಗ ಕೊಡುವುದು.

ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಜೋಡಿಯ ಹೆಸರು ಬರೆಯಬೇಕು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದರೂ ಉಲ್ಫಾಳ ಸುಳಿವಿಲ್ಲ. ಅವಳು ಬರುತ್ತಿದ್ದ ಬಾಡಿಗೆ ವ್ಯಾನಿನ ಟಯರು ದಾರಿಯಲ್ಲಿ ಎಲ್ ಜೆಮ್ ಎಂಬ ಊರಿನ ಬಳಿ ಒಡೆದಿತ್ತು.

"ಬೇಗ ಬರಿ ಮಗಳೇ," ಎಂದರು ಮೇಜಿನ ಹಿಂದಿದ್ದ ಮೇಲ್ವಿಚಾರಕ ಸಿ ಹಶ್ಮಿ, ಎಂದರೆ ಹಶ್ಮಿ ಸಾಹೇಬರು. "ಗಡಿಯಾರ ನನ್ನ ಅಳಿಯ ಅಲ್ಲ, ತಾಳಪ್ಪಾ ಅಂದ್ರೆ ತಾಳೋಕೆ."

ಆಗ ಸ್ಲೊವಾಕಿಯಾದ ಜುಜಾನಾ ಓಡಿಬಂದು ದೊರ್ಸಾಫಳ ತೋಳು ಹಿಡಿದಳು. ಪಟ್ಟಿಯಲ್ಲಿ ಅವಳದು ಮೇಲಿನ ಸ್ಥಾನ.

"ನನ್ನ ಜೊತೆಯವಳಿಗೆ ಜ್ವರ ಬಂದ್ಬಿಟ್ಟಿದೆ. ನಾವಿಬ್ರೂ ಬರೆದ್ರೆ ಖಂಡಿತ ಒಳಗೆ. ನಿನ್ನವಳು ಬಂದೇ ಇಲ್ವಲ್ಲ!"

"ದಾರೀಲಿದ್ದಾಳೆ."

"ದಾರೀಲಿರೋಳು ನಿನಗೆ ಪಂದ್ಯ ಗೆದ್ದುಕೊಡ್ತಾಳಾ?"

ಬಂಧುಗಳೇ, ಶೈತಾನನು ಯಾವಾಗಲೂ ಕೆಡುಕನ್ನೇ ಕಿವಿಯಲ್ಲಿ ಉಸುರುವುದಿಲ್ಲ. ಹಲವೊಮ್ಮೆ ಬಹಳ ನ್ಯಾಯವಾದ ಮಾತನ್ನೇ ಆಡುತ್ತಾನೆ. ಉಲ್ಫಾ ತಡಮಾಡಿದ್ದು ನಿಜ. ದೊರ್ಸಾಫಳನ್ನು ಯಾರೂ ದೂರುತ್ತಿರಲಿಲ್ಲ. ಅವಳು ಲೇಖನಿಯನ್ನು ಹಿಡಿದು, ಬಾಗಿಲ ಕಡೆಗೊಮ್ಮೆ ನೋಡಿ, ತನ್ನ ಹೆಸರು ಬರೆದಳು. ಜೋಡಿಯಲ್ಲಿ ಒಬ್ಬರು ಇಬ್ಬರ ಪರವಾಗಿಯೂ ಬರೆಯಬಹುದು. ಪಕ್ಕದಲ್ಲಿ ಉಲ್ಫಾಳ ಹೆಸರನ್ನು ಬರೆದಳು.

ಜುಜಾನಾ ಭುಜ ಹಾರಿಸಿ, ಇನ್ನೊಬ್ಬಳನ್ನು ಹುಡುಕಿಕೊಂಡು ಹೋದಳು.

ಹದಿನಾರು ಜೋಡಿಗಳಿಗೆ ಜಾಗ. ಸಂಜೆ ಪಟ್ಟಿ ಬಂದಾಗ ಇವರು ಹದಿನೇಳನೆಯವರು. ಯಾರಾದರೂ ಹಿಂದೆ ಸರಿದರೆ ಮಾತ್ರ ಒಳಗೆ; ಅದಕ್ಕಾಗಿ ಮೊದಲ ಸುತ್ತಿನ ಕೊನೆಯ ಪಂದ್ಯ ಆರಂಭವಾಗುವವರೆಗೂ ಶೂ ಕಟ್ಟಿಕೊಂಡು ಅಂಕಣದ ಬದಿಯಲ್ಲಿ ಕಾಯಬೇಕು.

ಅಷ್ಟರಲ್ಲಿ ಉಲ್ಫಾಳೂ ಬಂದಿಳಿದಿದ್ದಳು; ಇಬ್ಬರೂ ಎರಡು ದಿನ ಕಾದರು. ಮೊದಲ ದಿನವೇ ಉಲ್ಫಾಳಿಗೆ ಯಾರಿಂದಲೋ ಜುಜಾನಾ ಕರೆದ ವಿಷಯ ತಿಳಿಯಿತು.

"ಹುಚ್ಚೀ! ಒಂದು ಫೋನ್ ಮಾಡಿ ಕೇಳಬಾರದಿತ್ತೇನೇ? ಹೋಗು ಅಂತಿದ್ದೆ ನಾನು."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

"ದೊಡ್ಡ ಧರ್ಮಾತ್ಮಳು! ಈಗ ನಿನ್ನ ಹೆಸರು ಹೋದ ಪಾಪ ನನ್ನ ತಲೆ ಮೇಲೆ."

"ಯಾರ ತಲೆ ಮೇಲೂ ಇಲ್ಲ ಕಣೇ. ಬ್ರೆಡ್ ತಿನ್ನು. ಹರೀಸಾ ಚಟ್ನಿ ಜಾಸ್ತಿ ಹಾಕಿಸಿದ್ದೀನಿ, ಬಾಯಿ ಉರಿದ್ರೆ ಮಾತು ಕಮ್ಮಿ ಆಗುತ್ತೆ."

ಉಲ್ಫಾ ನಗಲಿಲ್ಲ, ಆದರೂ ಬ್ರೆಡ್ಡಿನ ಅರ್ಧವನ್ನು ಮುರಿದು ಹಿಂದಕ್ಕೆ ಕೊಟ್ಟಳು.

ಎರಡನೆಯ ದಿನದ ಕೊನೆಯ ಪಂದ್ಯಕ್ಕೆ ಬಂದ ಒಬ್ಬ ಆಟಗಾರ್ತಿಯ ಪಾದಕ್ಕೆ ಬ್ಯಾಂಡೇಜು ಸುತ್ತಿತ್ತು. ಅವಳು ಕುಂಟಿದ್ದನ್ನು ಕಂಡು ದೊರ್ಸಾಫಳ ಎದೆ ಆಸೆಯಿಂದ ಹಾರಿತು. ಮರುಕ್ಷಣವೇ ನಾಚಿಕೆಯಿಂದ ಮುಖ ಬಿಸಿಯಾಯಿತು. ಇನ್ನೊಬ್ಬರ ನೋವಿನಿಂದ ತನ್ನ ಬಾಗಿಲು ತೆರೆಯಲೆಂದು ಕಾಯುತ್ತಿದ್ದೇನಲ್ಲ! "ಅಸ್ತಗ್‌ಫಿರುಲ್ಲಾಹ್," ಎಂದು ತುಟಿಯೊಳಗೇ ಕ್ಷಮೆ ಬೇಡಿದಳು. ಆ ಹುಡುಗಿ ಕುಂಟುತ್ತಲೇ ಮೊದಲ ಚೆಂಡನ್ನು ಹೊಡೆದಳು. ಸಿ ಹಶ್ಮಿ ಕಾಯುವವರ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರು.

ಹದಿನಾಲ್ಕು ವರ್ಷದ ಆಟ, ಒಂದು ಚೆಂಡನ್ನೂ ಹೊಡೆಯದೆ, ಹೀಗೆ ಬೆಂಚಿನ ಮೇಲೆ ಮುಗಿಯಿತು.

"ಬೇಜಾರಾಯ್ತೇನೇ?" ಎಂದಳು ಉಲ್ಫಾ. ಅವಳ ಕಣ್ಣು ತುಂಬಿತ್ತು.

"ಆಗಿದೆ. ಅಳೋಕೂ ಸುಸ್ತು." ದೊರ್ಸಾಫ್ ಬಾಗಿ ಶೂ ಬಿಚ್ಚತೊಡಗಿದಳು. "ಆದ್ರೆ ಒಂದು ಮಾತು ಕೇಳು. ಅವತ್ತು ಜುಜಾನಾ ಹೆಸರು ಬರೆದಿದ್ರೆ, ನೀನು ವ್ಯಾನಿಂದ ಇಳಿದಾಗ ನಾನು ಯಾವ ಮುಖ ಇಟ್ಕೊಂಡು ಸಲಾಂ ಹೇಳ್ತಿದ್ದೆ?"

ಉಲ್ಫಾ ಕೆಳಗೆ ಕುಳಿತು, ಅವಳ ಇನ್ನೊಂದು ಶೂವಿನ ಗಂಟು ಸಡಿಲಿಸಿದಳು.

ದೊರ್ಸಾಫಳಿಗೆ ಯಾವ ಬಹುಮಾನವೂ ದೊರೆಯಲಿಲ್ಲ. ದೊರೆಯಿತೆಂದು ನಾನು ನಿಮಗೆ ಸುಳ್ಳು ಹೇಳಲಾರೆ. ಕೊಟ್ಟ ಮಾತು ಅಮಾನತ್ತು, ನಂಬಿ ನಮ್ಮ ಕೈಲಿಟ್ಟ ಸೊತ್ತು. ಅದನ್ನು ಒಪ್ಪಿಸಿ ಅವಳು ಮನೆಗೆ ನಡೆದಳು, ಅಷ್ಟೆ. ಪ್ರಿಯರೇ, ನಿಮ್ಮ ಮಾತನ್ನು ನಂಬಿ ಯಾರೋ ದಾರಿಯಲ್ಲಿ ತಡವಾಗಿದ್ದಾರೆ. ಸಮಯ ಮುಗಿಯುತ್ತಿದ್ದರೂ, ಕೈ ಸೋತಿದ್ದರೂ, ನೀವೂ ಅವರ ಹೆಸರನ್ನೇ ಬರೆಯಿರಿ.